ಅಕ್ಕನ ವಯಸ್ಸು

ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ನಾನು ಮಾಡಿದ ಕೆಲಸ ಜನರ ವಯಸ್ಸನ್ನು ಅನುಮಾನಿಸುವುದು. ಸರಿಯಾದ ದಾಖಲೆ ಇಲ್ಲದೆ ಬಂದವರನ್ನು, "ನಿಮ್ಮಪ್ಪ ಹೇಳಿದ್ದೇ ವೇದವಾಕ್ಯವೇನ್ರೀ?" ಎಂದು ಗದರಿ ಕಳಿಸುತ್ತಿದ್ದೆ. ನನ್ನ ಸ್ವಂತ ಅಕ್ಕನ ವಯಸ್ಸೇ ಎಲ್ಲ ಕಾಗದಗಳಲ್ಲೂ ಸುಳ್ಳಾಗಿತ್ತು. ಅಮ್ಮ ಗಾರೆ ಕೆಲಸಕ್ಕೆ ಹೋಗುತ್ತಿದ್ದಳು. ಕೂಸಾಗಿದ್ದ ನನ್ನನ್ನು ಸೊಂಟದ ಮೇಲೆ ಹೊತ್ತು ನೋಡಿಕೊಳ್ಳಲು ಅಕ್ಕ ಮನೆಯಲ್ಲೇ ಉಳಿದಳು. ನನಗೆ ಐದು ತುಂಬಿದಾಗ ಹಲಸೂರಿನ ಶಾಲೆಗೆ ಇಬ್ಬರನ್ನೂ ಒಂದೇ ದಿನ ಸೇರಿಸಿದರು. ಒಂಬತ್ತರ ಹುಡುಗಿ ಒಂದನೇ ಕ್ಲಾಸಿನಲ್ಲಿ ಕೂತರೆ ಚೆನ್ನಾಗಿರದು ಎಂದು ಮೇಷ್ಟ್ರು ಅವಳಿಗೂ ಐದೇ ಬರೆದರು. ಆಧಾರ್‌ವರೆಗೂ ಅದೇ ನಡೆಯಿತು. "ನಾವು ಅವಳಿ ಜವಳಿ ಕಣೇ, ನೀನು ಸ್ವಲ್ಪ ಲೇಟಾಗಿ ಬಂದೆ ಅಷ್ಟೆ" ಎಂದು ಅಕ್ಕ ರೇಗಿಸುತ್ತಿದ್ದಳು.

ಅಕ್ಕನಿಗೆ ಬಂದದ್ದು ಪಿತ್ತನಾಳದ ಕಾಯಿಲೆ. ಪಿತ್ತ ಹರಿಯುವ ನಾಳಗಳು ಒಳಗೊಳಗೇ ಗಾಯವಾಗಿ ಕಿರಿದಾಗುತ್ತಾ ಬಂದು ಕಣ್ಣು ಅರಿಸಿನವಾಯಿತು. ತುರಿಕೆ ತಡೆಯಲಾರದೆ ಬಾಚಣಿಗೆಯಿಂದ ಬೆನ್ನು ಕೆರೆದುಕೊಳ್ಳುತ್ತಿದ್ದಳು. ಹೃದಯಕ್ಕೆ ಬಲವಿಲ್ಲ, ಲಿವರ್ ಬದಲಿಸುವ ಆಪರೇಷನ್ ಆಗದು ಎಂದು ಮೊದಲೇ ಹೇಳಿದ್ದರು. ಹೋದ ವರ್ಷ ಕಂಟೋನ್ಮೆಂಟ್ ಕಡೆಯ ಒಂದು ಆಸ್ಪತ್ರೆಯಲ್ಲಿ ಡಾಕ್ಟರು ರಕ್ತದ ವರದಿಯ ಅಂಕಿಗಳನ್ನೂ ಫೈಲಿನಲ್ಲಿದ್ದ ವಯಸ್ಸನ್ನೂ ಕಂಪ್ಯೂಟರಿಗೆ ಹಾಕಿ, "ಖಚಿತ ಅಂತಲ್ಲ ಅಮ್ಮ, ಆದ್ರೆ ನಿಮ್ಮಂಥೋರಲ್ಲಿ ತುಂಬಾ ಜನ ನಾಲ್ಕೈದು ವರ್ಷ ದಾಟ್ತಾರೆ" ಎಂದರು. ಅಕ್ಕನ ಮುಖ ಅರಳಿತು.

ಆದರೆ ಫೈಲಿನ ಆ ವಯಸ್ಸು ನಾಲ್ಕು ವರ್ಷ ಕಡಿಮೆಯದು. ಅವಳನ್ನು ಔಷಧದ ಸಾಲಿನಲ್ಲಿ ನಿಲ್ಲಿಸಿ, ಒಬ್ಬಳೇ ವಾಪಸು ಹೋಗಿ ನಿಜವಾದ ವಯಸ್ಸು ಹೇಳಿದೆ. ಡಾಕ್ಟರು ತಿದ್ದಿದರು, ಉಳಿದ ವರ್ಷಗಳ ಅಂಕಿ ಇಳಿಯಿತು.

"ನಾಲ್ಕೈದು ವರ್ಷ ಅಂತ ನಂಬ್ಕೊಂಡು ಕೂರ್ಬೇಡಿ ಮೇಡಂ. ಏನಾದ್ರೂ ಮಾಡೋದಿದ್ರೆ ಬೇಗ ಮಾಡ್ಬಿಡಿ. ಅವರಿಗೆ ನಾನು ಹೇಳ್ಲಾ?"

"ಬೇಡ, ನಾನೇ ಹೇಳ್ತೀನಿ" ಎಂದೆ.

ಮಾಡುವುದು ಒಂದೇ ಇತ್ತು. ಹೇಳದೆ ಕೇಳದೆ ಮದುವೆಯಾಗಿ ಕೆ.ಆರ್. ಪುರದಲ್ಲಿ ಸಂಸಾರ ಹೂಡಿದ್ದ ಒಬ್ಬಳೇ ಮಗಳ ಜೊತೆ ಅಕ್ಕ ಆರು ವರ್ಷದಿಂದ ಮಾತು ಬಿಟ್ಟಿದ್ದಳು. ಮೆಟ್ರೋದಲ್ಲಿ ಅರ್ಧ ಗಂಟೆಯ ದಾರಿ. ಅಂದು ರಸೆಲ್ ಮಾರುಕಟ್ಟೆಯಲ್ಲಿ ಸಪೋಟಾ ಆರಿಸುತ್ತಿದ್ದಾಗ, "ಮಗಳ್ನ ನೋಡ್ಕೊಂಡ್ ಬರೋಣ ಬಾರೇ ಅಕ್ಕ" ಎಂದೆ.

"ಅವಳೇ ಬರ್ಲಿ. ಇನ್ನೂ ನಾಲ್ಕೈದು ವರ್ಷ ಇದೆಯಲ್ಲ, ನಿಂಗೇನ್ ಅವಸರ?" ಎಂದು ನಗುತ್ತಾ ಹಣ್ಣು ಹಿಚುಕಿ ನೋಡಿದಳು.

ಆಗಲೇ ಹೇಳಬೇಕಿತ್ತು. ಹಾಳಾದ ನಾಲಿಗೆ! ಊರವರನ್ನೆಲ್ಲ ಬೈಯಲು ಹೊರಳುತ್ತದೆ, ಅಂದು ಹೊರಳಲಿಲ್ಲ. ಎಷ್ಟೋ ತಿಂಗಳ ಮೇಲೆ ಅವಳು ನಕ್ಕಿದ್ದಳು. ಅದನ್ನು ಕಿತ್ತುಕೊಳ್ಳಲು ಮನಸ್ಸು ಬರಲಿಲ್ಲ. ಯುಗಾದಿ ಕಳೆಯಲಿ ಎಂದು ಮುಂದೂಡಿದೆ. ಮಗಳಿಗೆ ಒಂದು ಫೋನ್ ಮಾಡಬಹುದಿತ್ತು. ಅಕ್ಕನ ಕಿವಿಗೆ ಬಿದ್ದುಬಿಡುತ್ತದೆ ಎಂದು ಅದನ್ನೂ ಮಾಡಲಿಲ್ಲ.

ಯುಗಾದಿಗೆ ಮೊದಲೇ ಒಂದು ಬೆಳಿಗ್ಗೆ ಅಕ್ಕ ರಕ್ತ ಕಾರಿಕೊಂಡಳು. ಸುದ್ದಿ ಕೇಳಿ ಮಗಳು ಆಸ್ಪತ್ರೆಗೆ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹನ್ನೊಂದನೆಯ ದಿನದ ಕಾರ್ಯಕ್ಕೆ ಬಂದವರೆಲ್ಲ ಹೋದ ಮೇಲೆ ಅವಳು ನನ್ನ ಪಕ್ಕ ಕೂತಳು. "ಚಿಕ್ಕಮ್ಮ, ಇಷ್ಟು ಬೇಗ ಹೋಗ್ತೀನಿ ಅಂತ ಅಮ್ಮಂಗೆ ಗೊತ್ತಿತ್ತಾ? ಗೊತ್ತಿದ್ದೂ ನನ್ನ ಕರೀಲಿಲ್ವಾ?"

"ಇಲ್ಲ ಕಣೇ, ಅವಳಿಗೆ ಗೊತ್ತಿರ್ಲಿಲ್ಲ."

"ಅಷ್ಟು ಸಾಕು ಚಿಕ್ಕಮ್ಮ" ಎಂದು ಅವಳು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು. ನನಗೆ ಗೊತ್ತಿತ್ತು ಎಂಬುದನ್ನು ಇವಳಿಗೂ ನಾನಿನ್ನೂ ಹೇಳಿಲ್ಲ.