ಕುದುರೆ ಬಾಲದ ಕೂದಲು

ಆ ಬೆಳಿಗ್ಗೆ ಹಾಲು ಕಾಯಿಸಿಟ್ಟು, ಎಂದಿನಂತೆ ಓರಗಿತ್ತಿಗೆ ಜಡೆ ಹೆಣೆಯಲು ಕೂತೆ. ಅವಳ ಕತ್ತು ನುಣ್ಣಗಿತ್ತು; ನನ್ನ ಕತ್ತಿನಲ್ಲಿ ಮೆಣಸಿನ ಕಾಳಿನಷ್ಟು ನರಹುಲಿ ನೇತಾಡುತ್ತಿತ್ತು. ಅಸೂಯೆ ಪಾಪವೆಂದು ಕಾನ್ವೆಂಟಿನ ಸಿಸ್ಟರ್ ಹೇಳಿಕೊಟ್ಟಿದ್ದರೂ ನನ್ನ ಹೊಟ್ಟೆಯುರಿ ಆರಿರಲಿಲ್ಲ. ಅಜ್ಜಂಪುರದಲ್ಲಿ ನಡೆಯಲಿದ್ದ ನೆಂಟರ ಮದುವೆಯೊಳಗೆ ನರಹುಲಿ ಉದುರಲೆಂದು, ಯಾರಿಗೂ ಹೇಳದೆ ಅದರ ಬುಡಕ್ಕೆ ಜಟಕಾ ಕುದುರೆಯ ಬಾಲದ ಕೂದಲು ಬಿಗಿದಿದ್ದೆ. ಈಗ ಅದು ಊದಿ ಕಪ್ಪಾಗಿತ್ತು.

ಜಡೆ ಮುಗಿದು ಇತ್ತ ತಿರುಗಿದ ಓರಗಿತ್ತಿಯೇ ಅದನ್ನು ಕಂಡು ಗಾಬರಿಯಾಗಿ ತರೀಕೆರೆಯ ಡಾಕ್ಟರ ಬಳಿಗೆ ಕರೆದೊಯ್ದಳು.

“ನಂಜಾಗಿದ್ರೆ ಏನಮ್ಮಾ ಗತಿ? ಮೊದಲೇ ಬರೋದಲ್ವಾ?” ಎಂದು ಗದರಿದ ಡಾಕ್ಟರು, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ನೋವಿಲ್ಲದಂತೆ ಕತ್ತರಿಸಿ ತೆಗೆದರು.

ಸಂಜೆ ಹೂ ಕೊಡಲು ಬಂದ ಪಕ್ಕದ ಮನೆಯಾಕೆ ನನ್ನ ಕತ್ತಿನ ಪಟ್ಟಿ ನೋಡಿ, ಏನೆಂದು ಕೇಳಿ ತಿಳಿದು, “ಅಯ್ಯೋ, ನರಹುಲಿ ಇತ್ತಾ? ನಾನು ನೋಡೇ ಇರ್ಲಿಲ್ಲ ಕಣ್ರೀ. ನಿಮ್ಮ ಓರಗಿತ್ತಿ ಕತ್ತು ಮಾತ್ರ ಎಷ್ಟು ಚೆಂದ!” ಎಂದರು.