ಚಿಕ್ಕಮ್ಮನ ಇಂಗ್ಲಿಷ್ ನೋಟು

ನನ್ನ ಚಿಕ್ಕಮ್ಮ ಆಸ್ಟ್ರೇಲಿಯಾದ ಪರ್ತ್‌ನ ಕ್ಯಾನಿಂಗ್ ವೇಲ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ. ಗ್ಯಾರೇಜಿನಲ್ಲಿ ಚಾಪೆ ಹಾಸಿ ಮಕ್ಕಳಿಗೆ ಪಿಟೀಲು ಕಲಿಸುತ್ತಾರೆ. ಕಾರು ಬಿಸಿಲಲ್ಲಿ ನಿಲ್ಲುತ್ತದೆ. ಹಿಂದೆ ಮೈಸೂರಿನಲ್ಲಿ ನನಗೂ ಅವರೇ ಕಲಿಸಿದ್ದರು. ಕಲಿತ ವರ್ಣ, ಕೀರ್ತನೆಗಳೆಲ್ಲ ಮರೆತುಹೋಗಿ ಕೈಯಲ್ಲಿ ಉಳಿದದ್ದು ಒಂದು ಇಂಗ್ಲಿಷ್ ನೋಟು ಮಾತ್ರ. ಸಂಗೀತ ಕಚೇರಿಯ ಕೊನೆಗೆ, ಜನ ಚಪ್ಪಲಿ ಹುಡುಕಲು ಏಳುವ ಹೊತ್ತಿಗೆ ನುಡಿಸುವ ಚುರುಕಾದ ಪುಟ್ಟ ಮಟ್ಟು ಅದು. ಹೆಸರಿನಲ್ಲಿ ಇಂಗ್ಲಿಷ್ ಇದ್ದರೂ ಅದು ಮೈಸೂರಿನದೇ ಎಂಬುದು ಚಿಕ್ಕಮ್ಮನ ವಾದ. ಅವರ ಗುರುಗಳು ಅದನ್ನು ಅರಮನೆಯ ಬ್ಯಾಂಡಿನವರೊಬ್ಬರಿಂದ ಕಲಿತಿದ್ದರಂತೆ. ಬ್ಯಾಂಡಿನವರು ಯಾರಿಂದ ಕಲಿತರು ಎಂದು ನಾವ್ಯಾರೂ ಕೇಳಿರಲಿಲ್ಲ.

ನನ್ನ ಮನೆ ಬ್ರಿಸ್ಬೇನ್‌ನ ಕ್ಯಾಲಮ್‌ವೇಲ್‌ನಲ್ಲಿ, ಕೆಲಸ ಇಪ್ಸ್‌ವಿಚ್‌ನ ಗೋದಾಮೊಂದರಲ್ಲಿ. ಒಂದು ಶನಿವಾರ ಮಧ್ಯಾಹ್ನ ಕೆಲಸ ಮುಗಿಸಿ ಇಲ್ಲಿ ಸರ್ವೋ ಎನ್ನುವ ಬಂಕಿನಲ್ಲಿ ಪೆಟ್ರೋಲ್ ಹಾಕಿಕೊಳ್ಳುತ್ತಿದ್ದಾಗ ಪಕ್ಕದ ಹಾಲ್‌ನಿಂದ ಆ ನೋಟು ಕೇಳಿಸಿತು. ಒಳಗೆ ಹೋದೆ. ನಾಲ್ಕಾರು ಜನ ವಯಸ್ಸಾದವರು ಸುತ್ತ ಕೂತು ಫಿಡಲ್ ನುಡಿಸುತ್ತಿದ್ದರು. ಮುಂದಾಳಾಗಿದ್ದವರು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ನಿವೃತ್ತರಾದ ಒಬ್ಬ ಬಿಳಿಗಡ್ಡದ ಅಜ್ಜ.

ಈ ಮಟ್ಟು ಎಲ್ಲಿಯದು ಎಂದು ಕೇಳಿದೆ. ಅಡಿಲೇಡ್ ಹತ್ತಿರದ ಬೆಟ್ಟದೂರಿನಲ್ಲಿ ತಮ್ಮ ತಾಯಿ ಕಲಿಸಿದ್ದು ಎಂದರು. ನನಗೆ ಚಿಕ್ಕಮ್ಮ ಕಲಿಸಿದ್ದು ಎಂದೆ. ಅವರು ಫಿಡಲ್ ನನ್ನ ಕೈಗಿತ್ತರು. ನಾನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಅಜ್ಜ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡರು. ಕೊನೆಯವರೆಗೂ ಕಣ್ಣು ಮುಚ್ಚಿ ಕೇಳಿ, "ಚೆನ್ನಾಗಿದೆ. ಆದರೆ ತಪ್ಪು," ಎಂದರು.

ಅವರು ನುಡಿಸಿದ್ದನ್ನು ಫೋನಿನಲ್ಲಿ ಹಿಡಿದು ಚಿಕ್ಕಮ್ಮನಿಗೆ ಕಳಿಸಿದೆ. ತಕ್ಷಣ ಕರೆ ಬಂತು.

"ಅದೇನೇ ಹಾಗೆ ಓಡಿಸ್ತಾರೆ? ಟ್ರೈನ್ ಮಿಸ್ ಆಗತ್ತಾ? ನಮ್ಮ ನೋಟನ್ನ ಎತ್ಕೊಂಡ್ ಬಂದ್ಬಿಟ್ಟು ಹೀಗಾ ಮಾಡೋದು?"

ಶಾಲೆಯ ರಜೆಯಲ್ಲಿ ಚಿಕ್ಕಮ್ಮ ಪಿಟೀಲಿನ ಜೊತೆ ಬ್ರಿಸ್ಬೇನ್‌ಗೆ ಬಂದರು. ಹಾಲ್‌ಗೆ ಕರೆದುಕೊಂಡು ಹೋದೆ. ಅಜ್ಜ ತಮ್ಮ ಊರಿನ ವಿಷಯ ಹೇಳಿದರು. ಅಲ್ಲಿ ನೆರೆಹೊರೆಯ ಜರ್ಮನ್ ಮನೆಗಳವರಿಗೆ ಮೂರೆಣಿಕೆಯ ಕುಣಿತವೇ ಇಷ್ಟವಾದ್ದರಿಂದ ತಾಯಿ ಅದನ್ನು ಮೂರೆಣಿಕೆಯಲ್ಲಿ ನುಡಿಸುತ್ತಿದ್ದರಂತೆ. ಇಪ್ಸ್‌ವಿಚ್‌ನಲ್ಲಿ ಯಾರಿಗೂ ಅಷ್ಟು ತಾಳ್ಮೆ ಇಲ್ಲದೆ ಅದು ಎರಡೆಣಿಕೆಗೆ ಬಂದು ವೇಗವಾಯಿತು. ಚಿಕ್ಕಮ್ಮ ಎಲ್ಲವನ್ನೂ ಗಂಭೀರವಾಗಿ ಕೇಳಿಸಿಕೊಂಡರು.

"ಯುವರ್ ಶ್ರುತಿ ಈಸ್ ನಾಟ್ ಕರೆಕ್ಟ್," ಎಂದರು. ಸ್ವಲ್ಪ ಯೋಚಿಸಿ, "ಸಿಟ್ಟಿಂಗ್ ಆಲ್ಸೋ," ಎಂದು ಸೇರಿಸಿದರು.

ಅಜ್ಜನಿಗೆ ಬೇಜಾರಾಗಲಿಲ್ಲ. ಈ ಮಟ್ಟಿನ ಮೂಲ ಗೊತ್ತಿದ್ದರೆ ತಮ್ಮ ಅಕ್ಕನಿಗೇ ಗೊತ್ತಿರಬೇಕು, ಅವರು ಅಡಿಲೇಡ್‌ನ ವೃದ್ಧಾಶ್ರಮದಲ್ಲಿದ್ದಾರೆ, ತೊಂಬತ್ತು ದಾಟಿದ್ದರೂ ನೆನಪು ಚೆನ್ನಾಗಿದೆ ಎಂದರು. ನೋಡಿ ಬಹಳ ವರ್ಷವಾಯಿತು ಎಂದೂ ಹೇಳಿದರು. ಚಿಕ್ಕಮ್ಮ ಅಲ್ಲೇ ನನ್ನ ಕಡೆ ತಿರುಗಿ, "ನನ್ನ ಟಿಕೆಟ್ ಚೇಂಜ್ ಮಾಡ್ಸು. ಅಡಿಲೇಡ್ ಮೇಲೆ ಹೋಗ್ತೀನಿ. ಇವರನ್ನೂ ಹೊರಡ್ಸು," ಎಂದರು.

ಹೀಗೆ ನಾವು ಮೂವರು ಅಡಿಲೇಡ್‌ಗೆ ಹೋದೆವು. ವೃದ್ಧಾಶ್ರಮದಲ್ಲಿ ಅಜ್ಜನ ಅಕ್ಕ ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿದ್ದರು. ತಮ್ಮನನ್ನು ನೋಡಿ, "ಗಡ್ಡ ಬಿಟ್ಟಿದ್ದೀಯ," ಎಂದಷ್ಟೇ ಹೇಳಿದರು. ಅಜ್ಜ ಅವರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತರು. ಒಂದು ಕಾಲದಲ್ಲಿ ಫಿಡಲ್ ಹಿಡಿದಿದ್ದ ಅಕ್ಕನ ಬೆರಳುಗಳು ಈಗ ಬಗ್ಗುತ್ತಿರಲಿಲ್ಲ.

ಚಿಕ್ಕಮ್ಮ ಕಾರ್ಪೆಟ್ ಮೇಲೆ ಕೂತು ನಿಧಾನವಾಗಿ, ಗಮಕ ಹಾಕಿ, ಇಡೀ ನೋಟನ್ನು ನುಡಿಸಿದರು. ಅಕ್ಕನ ಕೈ ಕುರ್ಚಿಯ ಮೇಲೆ ಮೂರೆಣಿಕೆ ಹಾಕತೊಡಗಿತು. ಕೊಂಚ ಹೊತ್ತಿನ ಮೇಲೆ ಗಮನಿಸಿದೆ, ಯಾರನ್ನೂ ಬೈಯದೆ ಬಿಡದ ಚಿಕ್ಕಮ್ಮ ಆ ಕೈಯನ್ನು ನೋಡುತ್ತಾ ತಮ್ಮ ತಾಳವನ್ನೇ ಬದಲಾಯಿಸಿಕೊಂಡಿದ್ದರು. ಅಜ್ಜ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡು, ಇಲ್ಲಿ ಧೂಳು ಜಾಸ್ತಿ ಎಂದರು. ಕೋಣೆ ಫಳಫಳ ಹೊಳೆಯುತ್ತಿತ್ತು.

ನುಡಿಸಿ ಮುಗಿದ ಮೇಲೆ ಅಕ್ಕ ಹೇಳಿದರು: ಅವರ ತಾಯಿ ಹುಡುಗಿಯಾಗಿದ್ದಾಗ ಗಾಡಿಯಲ್ಲಿ ಬಟ್ಟೆ ಮಾರುತ್ತಾ ಒಬ್ಬ ಇಂಡಿಯಾದವನು ಬರುತ್ತಿದ್ದನಂತೆ. ಜಗಲಿಯ ಮೇಲೆ ಕೂತು ಈ ಮಟ್ಟನ್ನು ಗುನುಗುತ್ತಿದ್ದನಂತೆ. ತಾಯಿ ಅದನ್ನು ಕೇಳಿ ಕಲಿತದ್ದು.

"ಕೇಳ್ಸ್ತಾ?" ಎಂದು ಚಿಕ್ಕಮ್ಮ ಎದ್ದೇ ನಿಂತರು. "ನಾನು ಆವತ್ತಿಂದ ಏನ್ ಹೇಳ್ತಿದೀನಿ?" ಗೆದ್ದ ಸಂತೋಷದಲ್ಲಿ ಅಕ್ಕನ ಎರಡೂ ಕೈ ಹಿಡಿದುಕೊಂಡು, ನಂತರ ಎಲ್ಲರಿಗೂ ಚಹಾ ತರಲು ತಾವೇ ಹೊರಗೆ ಹೋದರು.

ಅಕ್ಕನ ಮಾತು ಮುಗಿದಿರಲಿಲ್ಲ. ಆ ವ್ಯಾಪಾರಿ ಅದನ್ನು ಕಲಿತದ್ದು ಇಲ್ಲಿಗೆ ಬರುವಾಗ, ಹಡಗಿನಲ್ಲಿ ಕಲ್ಲಿದ್ದಲು ಹಾಕುತ್ತಿದ್ದ ಸ್ಕಾಟ್ಲೆಂಡಿನವನೊಬ್ಬನಿಂದ ಎಂದರು. ಅಷ್ಟು ಹೇಳಿ ಕಣ್ಣು ಮುಚ್ಚಿದರು. ಅಜ್ಜ ಅವರ ಮೊಣಕಾಲಿನ ಮೇಲೆ ಹೊದಿಕೆ ಸರಿಮಾಡಿದರು.

ಚಿಕ್ಕಮ್ಮ ಟ್ರೇ ಹಿಡಿದು ಬಂದಾಗ ಇದನ್ನೂ ಹೇಳಿದೆ. ಅವರು ಕಪ್ಪುಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟರು.

"ಆ ಸ್ಕಾಟ್ಲೆಂಡ್‌ನವನಿಗೆ ಯಾರು ಹೇಳ್ಕೊಟ್ರು ಅಂತ ಕೇಳಿದ್ಯಾ?"

ಅಷ್ಟರಲ್ಲಿ ಅಕ್ಕನಿಗೆ ನಿದ್ದೆ ಹತ್ತಿತ್ತು.