ಎರಡು ಕೀಲಿಕೈ, ನಾಲ್ಕು ಕಣ್ಣು

ಬೀಗ ಹಾಕಿದ ಮೇಲೆ ಅದನ್ನು ಮೂರು ಸಲ ಜಗ್ಗಿ ನೋಡುವ ಚಟವೊಂದು ನನಗುಂಟು. ಮೂರನೆಯ ಜಗ್ಗಾಟದ ಬಳಿಕವೂ ಸಮಾಧಾನವಾಗದೆ, ಮೆಟ್ಟಿಲಿಳಿದು ನಿಂತ ಹೆಂಡತಿಯನ್ನು ಕರೆದು, ನೀನೊಮ್ಮೆ ನೋಡು ಎನ್ನುತ್ತೇನೆ. "ಬೀಗಕ್ಕೂ ಒಂದು ಮರ್ಯಾದೆ ಉಂಟು ಮಾರಾಯ್ರೆ, ಎಷ್ಟು ಅಂತ ಜಗ್ಗುವುದು?" ಎಂದು ನಕ್ಕು ಅವಳು ಮುಂದೆ ನಡೆಯುತ್ತಾಳೆ. ಬಂಟ್ವಾಳದ ನಮ್ಮ ಮನೆಯಲ್ಲಿ ಕಳ್ಳನಿಗೆ ದಕ್ಕುವಂಥದ್ದೆಂದರೆ ಹಳೆಯ ಪಂಚಾಂಗಗಳು ಮತ್ತು ನಿವೃತ್ತಿಯ ದಿನ ನನಗೆ ಹೊದೆಸಿದ ಶಾಲು. ಆದರೂ ಬ್ಯಾಂಕಿನ ಮ್ಯಾನೇಜರನಾಗಿದ್ದವನ ಕೈ ಕುರ್ಚಿ ಬಿಟ್ಟರೂ ಬೀಗ ಬಿಡುವುದಿಲ್ಲ.

ಈ ಚಟದ ಮೂಲವನ್ನು ನಾನು ಯಾರಿಗೂ ಹೇಳಿದವನಲ್ಲ. ಹೋದ ತಿಂಗಳು ಫೋನಿನಲ್ಲಿ ಅದನ್ನು ಹೇಳಿಸಿದವಳು ಮೂಡುಬಿದಿರೆಯ ನನ್ನ ತಂಗಿಯ ಮಗಳು ಶುಭಾ. ಫ್ರಾಂಕ್‌ಫರ್ಟ್‌ನಲ್ಲಿರುವ ನಮ್ಮ ದೇಶದ ಬ್ಯಾಂಕೊಂದರ ಶಾಖೆಗೆ ಅವಳು ಎರಡನೆಯ ಮುಖ್ಯಸ್ಥೆ. ಹೊರದೇಶದ ಬ್ಯಾಂಕು ಯುರೋಪಿನಲ್ಲಿ ಶಾಖೆ ತೆರೆದರೆ ಅದನ್ನು ಒಬ್ಬರೇ ನಡೆಸುವಂತಿಲ್ಲ, ಕನಿಷ್ಠ ಇಬ್ಬರು ಬೇಕು, ಮೇಲ್ವಿಚಾರಣೆಯ ಅಧಿಕಾರಿಗಳು ಕೇಳಿದರೆ ಇಬ್ಬರೂ ಉತ್ತರ ಕೊಡಬೇಕು ಎಂಬುದು ಅಲ್ಲಿಯ ಕಾನೂನು. ನಾಲ್ಕು ಕಣ್ಣಿನ ನಿಯಮ ಎನ್ನುತ್ತಾರಂತೆ. ಆದರೆ ಮೊದಲನೆಯ ಮುಖ್ಯಸ್ಥರು ನಮ್ಮ ಕಡೆಯ ಹಿರಿಯರು. ತಾವು ನೋಡಿದ ಕಡತವನ್ನು ಇನ್ನೊಬ್ಬರು ಓದುವುದು ಅವರಿಗೆ ಸರಿಬರುವುದಿಲ್ಲ.

"ಮಾಮ, ಓದಿಯೇ ಸಹಿ ಹಾಕ್ತೇನೆ ಅಂದರೆ, ನನ್ನ ಮೇಲೆ ನಂಬಿಕೆ ಇಲ್ವಾ ಅಂತ ಕೇಳ್ತಾರೆ. ಎಂತ ಹೇಳುವುದು ಅವರಿಗೆ? ಹಾಕಿಬಿಡುವುದಾ? ನಾಳೆ ಏನಾದರೂ ಎಡವಟ್ಟಾದರೆ ಹೋಗುವುದು ನನ್ನ ಹೆಸರು."

ಆ ಪ್ರಶ್ನೆಯ ಎದುರು ನಮ್ಮ ಜಿಲ್ಲೆಯವರ ನಾಲಗೆ ಬಿದ್ದುಹೋಗುತ್ತದೆ. ನಂಬಿಕೆ ಇಲ್ಲವೇ ಎಂದು ಕೇಳಿಸಿಕೊಳ್ಳುವುದಕ್ಕಿಂತ ಕಣ್ಣು ಮುಚ್ಚಿ ಸಹಿ ಹಾಕುವುದು ನಮಗೆ ಸುಲಭ.

ನಾನು ಮಡಂತ್ಯಾರಿನ ಶಾಖೆಯಲ್ಲಿದ್ದಾಗ ತಿಜೋರಿ ಕೋಣೆಗೆ ಎರಡು ಕೀಲಿಕೈಗಳಿದ್ದವು: ಒಂದು ನನ್ನದು, ಇನ್ನೊಂದು ಕ್ಯಾಶಿಯರ್ ಸೀನಪ್ಪನವರದು; ಎರಡೂ ಒಂದೇ ಕೈಗೆ ಸೇರಕೂಡದು. ಜಡಿಮಳೆಯ ಆಟಿ ತಿಂಗಳಲ್ಲಿ ನೇತ್ರಾವತಿ ಹೊಳೆ ಉಕ್ಕಿ ಬಂಟ್ವಾಳದ ಪೇಟೆಗೆ ನುಗ್ಗಿದರೆ ಮರುದಿನ ನಾನು ಹೊತ್ತಿಗೆ ಸರಿಯಾಗಿ ಮುಟ್ಟುವುದು ಅನುಮಾನ. ಹಾಗಾಗಿ ಒಂದು ಸಂಜೆ ನನ್ನ ಕೀಲಿಯನ್ನೂ ಅವರಿಗೆ ಕೊಟ್ಟೆ. "ಬೇಡ ಸಾರ್, ಇದು ಸರಿಯಲ್ಲ" ಎಂದರು. ನಿಮ್ಮ ಮೇಲೆ ನನಗೆ ನಂಬಿಕೆ ಉಂಟು ಎಂದೆ. ಅವರು ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಮಳೆ ಬಿಟ್ಟರೂ ಕೀಲಿ ಅಲ್ಲೇ ಉಳಿಯಿತು. ನನಗೆ ಬೆಳಗ್ಗೆ ಒಂದು ದೋಸೆ ಹೆಚ್ಚು ತಿನ್ನುವಷ್ಟು ಪುರುಸೊತ್ತು ಸಿಕ್ಕಿತು.

ಒಂದು ದಿನ ತಪಾಸಣೆಯವರು ನನಗಿಂತ ಮೊದಲೇ ಬಂದು ಕೂತಿದ್ದರು. ತಿಜೋರಿಯಲ್ಲಿ ಒಂದು ಪೈಸೆಯೂ ಕಡಿಮೆ ಇರಲಿಲ್ಲ. ಆದರೆ ಎರಡು ಕೀಲಿಗಳೂ ಸೀನಪ್ಪನವರ ಅಂಗಿಯ ಜೇಬಿನಲ್ಲಿದ್ದವು. "ನಾನೇ ಸಾರ್ ಹತ್ರ ಕೇಳಿ ತೆಗೆದುಕೊಂಡದ್ದು" ಎಂದುಬಿಟ್ಟರು ಆ ಪುಣ್ಯಾತ್ಮ. ನಾನು ಅಲ್ಲೇ ನಿಂತಿದ್ದೆ. ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ನನಗೆ ಒಂದು ಎಚ್ಚರಿಕೆಯ ಪತ್ರ ಬಂತು. ಅವರಿಗೆ ಘಟ್ಟದ ಮೇಲಿನ ಊರಿಗೆ ವರ್ಗವಾಯಿತು, ಕೈಗೆ ಬಂದಿದ್ದ ಬಡ್ತಿ ತಪ್ಪಿತು. ಹೊರಡುವ ದಿನ ನನ್ನ ಕೈ ಹಿಡಿದು, "ಎಂತ ಮಾಡುವುದು ಸಾರ್, ನೀವು ನಂಬಿ ಕೊಟ್ಟದ್ದಲ್ವಾ" ಎಂದರು. ನಾಚಿಕೆಯಿಂದ ನನಗೆ ಅವರ ಮುಖ ನೋಡಲಾಗಲಿಲ್ಲ. ನಿವೃತ್ತರಾಗಿ ಇಲ್ಲೇ ಕಕ್ಕಿಂಜೆಯಲ್ಲಿದ್ದಾರೆಂದು ತಿಳಿದ ಮೇಲೂ ನಾನು ಆ ಕಡೆ ಹೋದವನಲ್ಲ.

ಇಂಥ ನಿಯಮ ಮಾಡಿದವರಿಗೆ ಮನುಷ್ಯರ ಮೇಲೆ ನಂಬಿಕೆಯೇ ಇಲ್ಲವೆಂದು ನಾವು ಗೊಣಗುತ್ತೇವೆ. ಸೀನಪ್ಪನವರಂಥ ಸಾಧುವಿಗೆ ಇದ್ದ ಕಾವಲು ಆ ನಿಯಮ ಒಂದೇ. ನಂಬಿಕೆಯ ಹೆಸರು ಹೇಳಿ ಅದನ್ನು ಕಿತ್ತವನು ನಾನು. ಇಷ್ಟನ್ನೂ ಹೇಳಿ, ಓದದೆ ಸಹಿ ಹಾಕಬೇಡ ಮಗಾ ಎಂದೆ. "ಹಾಕುವುದಿಲ್ಲ" ಎಂದ ಶುಭಾ ಕೇಳಿದಳು: "ಅಲ್ಲ ಮಾಮ, ನಿಜ ಸಂಗತಿ ಸೀನಪ್ಪನವರ ಮಕ್ಕಳಿಗೆ ಗೊತ್ತುಂಟಾ?"

ಫೋನಿಟ್ಟವನೇ ಬೆಳಗಿನ ಮೊದಲ ಬಸ್ಸಿನ ಹೊತ್ತು ವಿಚಾರಿಸಿದೆ.

ಮರುದಿನ ಬೆಳಗ್ಗೆ ಕಕ್ಕಿಂಜೆಗೆ ಹೊರಟೆ. ಫೋನಿನ ಮಾತನ್ನೆಲ್ಲ ಕೇಳಿಸಿಕೊಂಡಿದ್ದ ಹೆಂಡತಿ ಒಳ್ಳೆಯ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. "ನಾನೂ ಬರ್ತೇನೆ. ನೀವೊಬ್ಬರೇ ಹೋದರೆ ಅರ್ಧ ದಾರಿಯ ಮಡಂತ್ಯಾರಿನಲ್ಲೇ ಬಸ್ಸಿಳಿದು ವಾಪಸು ಬರ್ತೀರಿ."

ಅದು ನಿಜವೆಂದು ನನಗೂ ಗೊತ್ತಿತ್ತು. ಬೀಗ ಹಾಕಿ ಒಮ್ಮೆ ಜಗ್ಗಿದೆ. ನಾನು ಕರೆಯದೆಯೇ ಅವಳು ಬಂದು ಇನ್ನೊಮ್ಮೆ ಜಗ್ಗಿ ನೋಡಿ, "ಸರಿಯಾಗಿ ಬಿದ್ದಿದೆ, ಹೋಗುವ" ಎಂದಳು.